ದಿನಕ್ಕೊಂದು ಪುಟ

ಪುಟದ ಅರ್ಧಕ್ಕೆ ಬರುವಷ್ಟರಲ್ಲಿ ಗುಬ್ಬಿ ಪುಟದಲ್ಲಿರಲಿಲ್ಲ. ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಇತ್ತು, ಗಾಡಿ ಹೊಡೆಯುವವನು ನಿದ್ದೆ ಹೋದರೂ ಎತ್ತುಗಳು ತಮ್ಮ ಪಾಡಿಗೆ ದಾರಿ ಸವೆಸುವ ಹಾಗೆ. ಅವಳು ಆಗಲೇ ಅಡುಗೆಮನೆಯ ನಲ್ಲಿಯ ಹತ್ತಿರ ಹೋಗಿದ್ದಳು. ಅದು ತೊಟ್ಟಿಕ್ಕುತ್ತಿದೆ, ವಾಷರ್ ಸವೆದಿರಬೇಕು, ಮೂಲೆಯ ಅಂಗಡಿಗೆ ಹೋದರೆ ಛತ್ರಿಯ ಕಡ್ಡಿಯನ್ನೂ ಹಾಕಿಸಿಕೊಂಡು ಬರಬಹುದು, ಛತ್ರಿ ಎಲ್ಲಿ, ಬಸ್ಸಿನಲ್ಲಿ ಬಿಟ್ಟೆನೇ, ಆವತ್ತು ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿನ ಮುಂದಿನ ಹಲ್ಲು ಎಷ್ಟು ಚೆನ್ನಾಗಿ ಕೂರಿಸಿದ್ದರು, ಯಾರ ಕೈಕೆಲಸವೋ. ಪುಟದ ಕೊನೆಯ ಪದ 'ಅಂದಳು' ಎಂದಿತ್ತು. ಯಾರು ಅಂದಳು, ಏನು ಅಂದಳು, ಒಂದೂ ತಲೆಯಲ್ಲಿರಲಿಲ್ಲ. ಗುಬ್ಬಿ ಅಡುಗೆ ಕಟ್ಟೆಗೆ ಒರಗಿ ನಿಂತು, ಬೆರಳನ್ನು ಮತ್ತೆ ಮೊದಲ ಸಾಲಿನ ಕೆಳಗೆ ಇಟ್ಟಳು. ಐವತ್ತರ ಅಂಚಿನವಳು, ಒಂದನೇ ತರಗತಿಯ ಮಗುವಿನ ಹಾಗೆ ಬೆರಳಿಟ್ಟು ತುಟಿ ಆಡಿಸಿ ಓದುವುದನ್ನು ಯಾರಾದರೂ ಕಿಟಕಿಯಿಂದ ನೋಡಿಯಾರು ಎಂದು ಪರದೆಯನ್ನು ಒಂದಿಷ್ಟು ಎಳೆದುಕೊಂಡಳು.

ಅದು ಅಕ್ಕ ಬರೆದ ಪುಸ್ತಕ. ಒಂಬತ್ತು ವರ್ಷ ದೊಡ್ಡವಳಾದ ಅಕ್ಕ, ಮಕ್ಕಳ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ದುಡಿದು, ಹೋದ ವರ್ಷ ನಿವೃತ್ತಳಾಗಿ, ಯಾರಿಗೂ ಸುಳಿವು ಕೊಡದೆ ಮನೆಯಲ್ಲಿ ಕೂತು ಬರೆದದ್ದು. ತೆಳುವಾದ ಪುಸ್ತಕ, ಹಪ್ಪಳದಷ್ಟು ಹಗುರ ಎಂದು ಗಂಡ ಕೈಯಲ್ಲಿ ತೂಗಿ ಹೇಳಿದ್ದ. ಅಚ್ಚಿನ ಮನೆಯಿಂದ ಬಂದ ಮೊದಲ ಪ್ರತಿಯನ್ನು ಅಕ್ಕ ಕಳಿಸಿದ್ದು ಗುಬ್ಬಿಗೆ. ಒಂದು ಕಡೆ ಕೂರದೆ ಪುಟುಪುಟು ಹಾರಾಡುತ್ತಿದ್ದ ತಂಗಿಗೆ ಆ ಹೆಸರಿಟ್ಟವಳೂ ಅಕ್ಕನೇ. ಆ ಅಕ್ಕ ಇವತ್ತು ಸಂಜೆ ಬರುವವಳಿದ್ದಳು. ಒಂದು ರಾತ್ರಿ ಇದ್ದು ನಾಳೆ ಹೊರಡುತ್ತಾಳೆ. ಗುಬ್ಬಿ ಇನ್ನೂ ಪುಸ್ತಕದ ಕಾಲುಭಾಗದಲ್ಲಿದ್ದಳು.

ಓದಿದೆ ಎಂದು ಫೋನಿನಲ್ಲಿ ಹೇಳಿ ಬಹಳ ದಿನವಾಗಿತ್ತು. ಹೇಳಬೇಕೆಂದು ಹೇಳಿದ್ದಲ್ಲ. ಅಕ್ಕ ಕೇಳಿದ ದನಿಯಲ್ಲಿ ಒಂದು ಅಂಜಿಕೆ ಇತ್ತು, ಅಕ್ಕನ ಬಾಯಲ್ಲಿ ಎಂದೂ ಕೇಳಿರದಂಥದ್ದು, ಪರೀಕ್ಷೆ ಬರೆದು ಮನೆಗೆ ಬಂದ ಹುಡುಗಿಯದ್ದು. ಆ ಅಂಜಿಕೆಯನ್ನು ಒಂದು ಗಳಿಗೆಯೂ ಕಾಯಿಸಲಾರದೆ ನಾಲಿಗೆ ಮುಂದೆ ಓಡಿಬಿಟ್ಟಿತ್ತು. ತುಂಬಾ ಚೆನ್ನಾಗಿದೆ ಅಂದಳು. ಯಾವುದು ಹಿಡಿಸಿತು ಎಂದು ಅಕ್ಕ ಕೇಳಿದರೆ, ಎಲ್ಲಾನೂ, ಕೊನೆಯಂತೂ ಬಹಳ ಚೆನ್ನಾಗಿ ಬಂದಿದೆ ಅಂದಳು. ಆ ಕಡೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತನ್ನ ಮಂಡಿನೋವಿನ ಮಾತು ತೆಗೆದಿದ್ದಳು. ಆ ಸುಮ್ಮನಿದ್ದ ಹೊತ್ತು ಮೀನಿನ ಮುಳ್ಳಿನಂತೆ ಗುಬ್ಬಿಯ ಗಂಟಲಲ್ಲಿ ಸಿಕ್ಕಿಕೊಂಡು ಇವತ್ತಿಗೂ ಇಳಿದಿರಲಿಲ್ಲ.

ಗಂಡ ಕಾರು ಓಡಿಸುವುದನ್ನು ಕಲಿಸುವವನು. ದಿನವಿಡೀ ಬೇರೆಯವರ ತಪ್ಪಿನ ಪಕ್ಕದಲ್ಲಿ ಕೂತು ಕೂತು ಅವನಿಗೊಂದು ಸಮಾಧಾನ ಬಂದುಬಿಟ್ಟಿತ್ತು. ಅವನ ಕಾಲಡಿಯಲ್ಲಿ ಸದಾ ಇನ್ನೊಂದು ಬ್ರೇಕ್ ಇರುತ್ತಿತ್ತು. ಅಕ್ಕನ ಪುಸ್ತಕವನ್ನು ಅವನು ಕಡಲೆಕಾಯಿ ಬಿಡಿಸಿ ತಿನ್ನುತ್ತ ಎರಡು ಸಂಜೆಯಲ್ಲಿ ಮುಗಿಸಿ, ಚೆನ್ನಾಗಿದೆ ಕಣೇ ಎಂದು ಸಿಪ್ಪೆ ಗುಡಿಸಿ ಎದ್ದಿದ್ದ. ಈಗ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತ, ಅಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡಿಕೊಳ್ಳುತ್ತೀ, ನಾನು ಸಾರಾಂಶ ಹೇಳಿಬಿಡುತ್ತೇನೆ ಕೇಳು ಅಂದ. "ಅಕ್ಕ ಏನಾದ್ರೂ ಕೇಳಿದ್ರೆ ನೀನು ಹೂಂ ಅಂತ ತಲೆ ಆಡಿಸು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ." ಹೇಳತೊಡಗಿದ ಕೂಡ: ವಾರ್ಡಿನೊಳಕ್ಕೆ ಕಳ್ಳದಾರಿಯಲ್ಲಿ ಬರುತ್ತಿದ್ದ ಬೆಕ್ಕು, ಹಾಡದಿದ್ದರೆ ಔಷಧಿ ಕುಡಿಯದ ಅವಳಿ ಹುಡುಗರು. ಗುಬ್ಬಿ ಒಂದೆರಡು ಮಾತು ಕೇಳಿದಳು. ಬೇರೆಯವರು ಅಗಿದು ಬಾಯಿಗಿಟ್ಟ ತುತ್ತಿನ ಹಾಗೆ ಅನ್ನಿಸಿತು. ಬೇಡ, ಸಾಕು ಅಂದಳು. ಅವನು ಬಾಚಣಿಗೆಯನ್ನು ಕೆಳಗಿಟ್ಟು ಅವಳ ಮುಖ ನೋಡಿದ. ಬೇಸರ ಮಾಡಿಕೊಳ್ಳದೆ, ತಿರುವಿನಲ್ಲಿ ತಡವರಿಸುವವರನ್ನು ಕಾಯುವ ಹಾಗೆ ಒಂದು ನಿಮಿಷ ನಿಂತು, ಹೊರಟುಹೋದ.

ಕೆಲಸಕ್ಕೆ ಹೊರಟ ಗುಬ್ಬಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನ ಹುಡುಗಿ ಒಂದು ದಪ್ಪ ಪುಸ್ತಕ ಓದುತ್ತಿದ್ದಳು. ಬಸ್ಸು ಗುಂಡಿಗೆ ಬಿದ್ದು ಎದ್ದರೂ ಆ ಹುಡುಗಿಯ ಕಣ್ಣು ಏಳಲಿಲ್ಲ. ಗುಬ್ಬಿ ಅವಳನ್ನೇ ನೋಡಿದಳು, ಹಸಿದವರು ಹೋಟೆಲಿನ ಗಾಜಿನಾಚೆ ಉಣ್ಣುವವರನ್ನು ನೋಡುವ ಹಾಗೆ. ತಾನು ಶಾಲೆಯಲ್ಲಿ ಪಾಠ ಓದಲು ಎದ್ದು ನಿಂತರೆ ಇಡೀ ತರಗತಿ ಮುಂಚೆಯೇ ನಗಲು ಸಿದ್ಧವಾಗುತ್ತಿತ್ತು. ಒಂದು ಸಾಲು ಓದಿ ಕೆಳಗಿನದನ್ನು ಬಿಟ್ಟು ಅದರ ಕೆಳಗಿನದಕ್ಕೆ ಹಾರುತ್ತಿದ್ದಳು. ರಾಜನ ಕುದುರೆ ಹೋಗಿ ವ್ಯಾಪಾರಿಯ ಹೆಂಡತಿಯನ್ನು ಮದುವೆಯಾಗಿಬಿಡುತ್ತಿತ್ತು. ಮೇಷ್ಟ್ರು ಕೆಟ್ಟವರಲ್ಲ. ಅವರಿಗೂ ನಗು ಬರುತ್ತಿತ್ತು. ದಾರ ಕಿತ್ತ ಗಾಳಿಪಟ ಎಂದು ಅವರು ಹೇಳಿದ್ದು ಮನೆಯವರೆಗೂ ಬಂತು. ಅಂದಿನಿಂದ ಸಂಜೆ ಅಕ್ಕ ಪಾಠಗಳನ್ನು ಜೋರಾಗಿ ಓದುವುದು, ಗುಬ್ಬಿ ಕೆಳಗೆ ಕೂತು ಜೇಡಿಮಣ್ಣಿನಲ್ಲಿ ಏನಾದರೊಂದು ಮಾಡುತ್ತ ಕೇಳುವುದು. ಕೈಗೆ ಕೆಲಸವಿದ್ದರೆ ಕಿವಿ ಕೇಳುತ್ತಿತ್ತು. ಹಾಗೆಯೇ ಕುಂಟುತ್ತ ಆಗಿನ ಪರೀಕ್ಷೆಗಳೆಲ್ಲ ದಾಟಿದವು. ಆದರೆ ಒಂದು ದಿನ, ನರ್ಸಿಂಗ್ ಓದಲು ಹೊರಟು ನಿಂತಿದ್ದ ಅಕ್ಕ, ಪೆಟ್ಟಿಗೆಗೆ ಬಟ್ಟೆ ತುಂಬುತ್ತ, ಇನ್ನು ಯಾರು ಓದಿ ಹೇಳುತ್ತಾರೆ ಎಂದು ಅತ್ತ ತಂಗಿಗೆ ಹೇಳಿದ್ದಳು: ಮನಸ್ಸು ಮಾಡಿದರೆ ನಿನಗೂ ಬರುತ್ತೆ ಗುಬ್ಬಿ, ನೀನು ಮನಸ್ಸೇ ಮಾಡಲ್ಲ. ಧೈರ್ಯ ತುಂಬಲು ಹೇಳಿದ ಮಾತು. ಅದನ್ನು ಗುಬ್ಬಿ ಇಷ್ಟು ವರ್ಷ, ಬೈಗುಳವನ್ನು ಹೊರುವುದಕ್ಕಿಂತ ಕಷ್ಟಪಟ್ಟು ಹೊತ್ತಿದ್ದಳು. ಮನಸ್ಸು ಮಾಡುವುದು ಎಂದರೇನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಹುಟ್ಟುತ್ತಲೇ ಕೊಟ್ಟ ಯಾವುದೋ ಬೀಗದ ಕೈ ತನ್ನ ಸರದಿ ಬಂದಾಗ ಮುಗಿದುಹೋಗಿತ್ತು ಎಂದುಕೊಂಡಿದ್ದಳು. ತಲೆ ಎತ್ತಿ ನೋಡುವಾಗ ಬಸ್ಸು ಅವಳ ನಿಲ್ದಾಣವನ್ನು ದಾಟಿ ಮುಂದಿನದರಲ್ಲಿ ನಿಂತಿತ್ತು.

ನಡೆದು ಹಿಂದಕ್ಕೆ ಬಂದಳು. ಅವಳು ಕೆಲಸ ಮಾಡುವುದು ಹಲ್ಲು ಮಾಡುವ ಕಡೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇಲ್ಲಿ ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಇಲ್ಲದ ಹಲ್ಲನ್ನು ಕಟ್ಟಿಕೊಡುತ್ತಾರೆ. ನಾಲ್ಕು ಮೇಜು, ಮೇಜಿಗೊಂದು ದೀಪ, ಎಲ್ಲದರ ಮೇಲೂ ಹಿಟ್ಟಿನಂಥ ಬಿಳಿ ಧೂಳು. ದವಡೆಹಲ್ಲುಗಳು ಯಾರ ಮೇಜಿಗಾದರೂ ಹೋಗಬಹುದು. ನಕ್ಕರೆ ಕಾಣುವ ಹಲ್ಲು ಬಂದರೆ ಮಾತ್ರ ಗುಬ್ಬಿಗೆ. ಪಿಂಗಾಣಿಯ ಪುಡಿಯನ್ನು ಕುಂಚದ ತುದಿಯಲ್ಲಿ ಎತ್ತಿ ಪದರದ ಮೇಲೆ ಪದರ ಕೂರಿಸುತ್ತ ಅವಳು ಊಟದ ಹೊತ್ತು ಮರೆಯುತ್ತಿದ್ದಳು, ಯಾರು ಬಂದರು ಯಾರು ಹೋದರು ಮರೆಯುತ್ತಿದ್ದಳು. ಹಲ್ಲಿನ ಬಿಳಿ ಒಂದೇ ಬಿಳಿಯಲ್ಲ; ಒಸಡಿನ ಹತ್ತಿರ ಬೆಣ್ಣೆ, ನಡುವೆ ಹಾಲು, ತುದಿಯಲ್ಲಿ ನೀರು. ಗಮನ ಇಲ್ಲದವಳು ಎಂದು ಜನ ಅನ್ನುತ್ತಿದ್ದದ್ದು ಸುಳ್ಳು. ಗಮನ ಇತ್ತು. ಕರೆದಾಗ ಬರುತ್ತಿರಲಿಲ್ಲ, ಅಷ್ಟೆ. ತನಗೆ ಬೇಕೆನಿಸಿದಾಗ ಬಂದು ಕೂತರೆ ಏಳಿಸಲು ಆಗುತ್ತಿರಲಿಲ್ಲ.

ಮೇಜಿನ ಮೇಲೆ ಒಂದು ಹಲ್ಲು ವಾಪಸು ಬಂದು ಕೂತಿತ್ತು. ಹೋದ ವಾರ ಅವಳೇ ಮಾಡಿ ಕಳಿಸಿದ್ದ ಕೋರೆಹಲ್ಲು. ಯಜಮಾನರು ಬಂದು ಪಕ್ಕದಲ್ಲಿ ನಿಂತರು. ಅವರು ಎಂದೂ ದನಿ ಏರಿಸುವವರಲ್ಲ, ಅದೇ ಕಷ್ಟ. ಹಲ್ಲಿನ ಜೊತೆ ಬಂದಿದ್ದ ವೈದ್ಯರ ಚೀಟಿಯನ್ನು ಅವಳ ಮುಂದಿಟ್ಟು, ಬಣ್ಣ ಸರಿಯಾಗಿದೆ, ಆಕಾರಕ್ಕಂತೂ ಹೆಸರಿಡುವ ಹಾಗೇ ಇಲ್ಲ, ಆದರೆ ರೋಗಿಯ ಪಕ್ಕದ ಹಲ್ಲು ಸವೆದಿದೆ, ತುದಿಯನ್ನು ಮೊಂಡು ಮಾಡಿ ಎಂದು ಕೆಳಗೆ ಬರೆದಿದ್ದರಲ್ಲ ಅಂದರು. ಗುಬ್ಬಿ ಚೀಟಿ ನೋಡಿದಳು. ಬರೆದಿತ್ತು. ದುಂಡಾದ ಅಕ್ಷರ, ಕುರುಡರಿಗೂ ಕಾಣುವ ಹಾಗೆ. "ಎರಡೇ ಸಾಲು ಇದ್ದದ್ದು" ಎಂದರು ಯಜಮಾನರು, ಬೈಯುವವರಂತಲ್ಲ, ತಮಗೇ ಅರ್ಥವಾಗದೆ ಕೇಳುವವರಂತೆ. ಆಚೆ ಮೇಜಿನವರು ಉಜ್ಜುವ ಯಂತ್ರವನ್ನು ನಿಲ್ಲಿಸಿ ಕೇಳುತ್ತಿದ್ದುದು ಬೆನ್ನಿಗೆ ತಿಳಿಯಿತು. ಇವತ್ತೇ ಬೇರೆ ಮಾಡಿಕೊಡುತ್ತೇನೆ ಎಂದಳು. ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಆ ರೋಗಿ ಅಲ್ಲ, ಯಜಮಾನರೂ ಅಲ್ಲ. ಅಕ್ಕ ಕಂಡಳು, ಫೋನು ಹಿಡಿದು ಸುಮ್ಮನಿದ್ದವಳು.

ಕೆಲವು ತಿಂಗಳ ಹಿಂದೆ ಗುಬ್ಬಿ ಒಬ್ಬ ವೈದ್ಯೆಯ ಬಳಿ ಹೋಗಿದ್ದಳು, ನಿದ್ದೆ ಬರುವುದಿಲ್ಲವೆಂದು. ಆಕೆ ನಿದ್ದೆಯ ಮಾತು ಬಿಟ್ಟು ಶಾಲೆಯ ಮಾತು ಕೇಳಿದಳು. ಕೊನೆಗೆ, ಇದು ಸೋಮಾರಿತನ ಅಲ್ಲ, ಮೆದುಳು ಗಮನವನ್ನು ಹಂಚುವ ರೀತಿಯೇ ಹೀಗೆ, ಇದಕ್ಕೊಂದು ಹೆಸರಿದೆ, ನಿಮ್ಮ ಹಾಗೆ ಬಹಳ ಜನ ಇದ್ದಾರೆ ಅಂದಳು. ಗುಬ್ಬಿ ನಕ್ಕುಬಿಟ್ಟಳು. ಆಮೇಲೆ ಬಸ್ಸಿನಲ್ಲಿ, ಯಾರಿಗೂ ಕಾಣದ ಹಾಗೆ ಕಿಟಕಿಯ ಕಡೆ ತಿರುಗಿ, ಮೂರು ನಿಲ್ದಾಣದವರೆಗೆ ಅತ್ತಳು. ಓದಬೇಕು, ಒಂದು ಪುಸ್ತಕವನ್ನಾದರೂ ಓದಬೇಕು ಎಂದು ಕೇಳಿಕೊಂಡಾಗ ವೈದ್ಯೆ ಹೇಳಿದ್ದು ತೀರ ಸಣ್ಣ ಸಣ್ಣ ಉಪಾಯಗಳು. ದಿನಾ ಒಂದೇ ಜಾಗ. ಒಂದೇ ಪುಟ, ಮನಸ್ಸಿದ್ದರೂ ಹೆಚ್ಚು ಬೇಡ. ಫೋನು ಬೇರೆ ಕೋಣೆಯಲ್ಲಿ. ಕೂರಲಾಗದಿದ್ದರೆ ನಿಂತು. ಬಾಯಲ್ಲಿ ಓದಿ, ಬೆರಳಿಟ್ಟು ಓದಿ, ನಾಚಿಕೆ ಬೇಡ. ಗುಬ್ಬಿಗೆ ಅದು ಸಾಲದೆಂದು ತೋರಿತು. ಅವಳು ಬೆಳಗಿನ ಜಾವ ಎದ್ದು ಒಂದು ಗಂಟೆ ಓದುವ ಶಪಥ ಮಾಡಿದಳು, ಹೊಸ ದೀಪ ತಂದಳು, ಗಂಡನಿಗೆ ಸದ್ದು ಮಾಡಬೇಡಿ ಎಂದು ಹೇಳಿದಳು. ಆ ಉತ್ಸಾಹ ಒಂದು ವಾರವೂ ಬಾಳಲಿಲ್ಲ. ದೀಪದ ಕೆಳಗೆ ಹೊಲಿಗೆ ಡಬ್ಬಿ ಬಂದು ಕೂತಿತು. ತಲೆ ತಗ್ಗಿಸಿ ಮತ್ತೆ ಹೋದಾಗ ವೈದ್ಯೆ, "ತಪ್ಪಿದ ದಿನಗಳನ್ನ ತುಂಬಿಸೋಕೆ ಹೋಗಬೇಡಿ. ಅದು ಹೋಯ್ತು. ನಾಳೆ ಒಂದು ಪುಟ" ಅಂದಳು. ಆ ಮಾತಿನಲ್ಲಿ ಯಾರೂ ಕೊಡದ ರಜೆಯಂಥದ್ದೇನೋ ಇತ್ತು. ಅಂದಿನಿಂದ ಫೋನು ಟವೆಲುಗಳ ಅಡಿಗೆ, ಗುಬ್ಬಿ ಅಡುಗೆ ಕಟ್ಟೆಗೆ. ಹೀಗೆ ಬಂದು ಮುಟ್ಟಿದ್ದು ಕಾಲುಭಾಗ.

ಸಂಜೆ ಅಕ್ಕ ಬಂದಳು. ಮೆಟ್ಟಿಲು ಹತ್ತುವಾಗ ಮಂಡಿಗೆ ಕೈ ಊರಿಕೊಂಡಳು. ಅದನ್ನು ಬಿಟ್ಟರೆ ಮೊದಲಿನಂತೆಯೇ, ಬಾಗಿಲಲ್ಲೇ ನಿಂತು ಇವಳ ಹಣೆ ಮುಟ್ಟಿ, ಸೊರಗಿದ್ದೀಯ ಅಂದಳು. ಕೈ ತೊಳೆದು ಕೂತಳು. ಗಂಡ ಚಹಾ ಮಾಡಿ ತಂದ. ನೆಂಟರ ಮಾತು, ಔಷಧಿಯ ಮಾತು, ಅಕ್ಕನ ಮಗ ಕೊಂಡ ಹಳೇ ಕಾರು ಗೇರು ಬದಲಿಸುವಾಗ ಮಾಡುವ ಸದ್ದಿನ ಮಾತು. ಪುಸ್ತಕ ಅಲ್ಲೇ ಕಪಾಟಿನ ಮೇಲಿತ್ತು. ಮೂವರೂ ಅದನ್ನು ನೋಡಿದ್ದರು, ಮೂವರೂ ಅದರ ಸುತ್ತ ಬಳಸಿ ಹೋಗುತ್ತಿದ್ದರು. ಎಷ್ಟು ಹೊತ್ತು ಹೀಗೆ ಎಂದು ಗುಬ್ಬಿ ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಗಂಡನಿಗೆ ಅದನ್ನು ನೋಡಲಾಗಲಿಲ್ಲವೋ ಏನೋ, ತನ್ನ ಕಾಲಡಿಯ ಬ್ರೇಕನ್ನು ತಾನೇ ಒತ್ತಿದ. ಇವಳಿಗೆ ಪುಸ್ತಕದಲ್ಲಿ ಆ ಬೆಕ್ಕಿನ ಪ್ರಸಂಗ ಬಹಳ ಹಿಡಿಸಿತಂತೆ ಅಕ್ಕ, ಮೊನ್ನೆಯೂ ನೆನೆಸಿಕೊಂಡು ನಗುತ್ತಿದ್ದಳು ಎಂದ. ಅಕ್ಕ ತಂಗಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಮತ್ತೆ ಆ ಅಂಜಿಕೆ, ನಂಬಲು ಕಾದಿರುವ ಮುಖ.

"ಹೌದಾ?" ಅಂದಳು.

ಒಂದು ಹೂಂ ಸಾಕಿತ್ತು. ಗುಬ್ಬಿಯ ತಲೆ ಆಡಲೂ ತೊಡಗಿತ್ತು.

"ಬೆಕ್ಕು ಬರೋ ತನಕ ನಾನು ಹೋಗಿಲ್ಲ ಅಕ್ಕ" ಅಂದಳು. "ಇನ್ನೂ ತುಂಬಾ ಹಿಂದೆ ಇದ್ದೀನಿ. ಅವತ್ತು ಸುಳ್ಳು ಹೇಳಿದೆ."

ಗಂಡ ಎದ್ದು, ಮನೆಯಲ್ಲಿ ಸಕ್ಕರೆ ಇಲ್ಲ ಎಂದು ಡಬ್ಬಿ ತುಂಬ ಸಕ್ಕರೆ ಇದ್ದ ಮನೆಯಿಂದ ಹೊರಗೆ ಹೋದ.

ಕೆಳಗಿನ ಬೀದಿಯಲ್ಲಿ ಯಾರೋ ಶಟರ್ ಎಳೆದರು. ಆಮೇಲೆ ಅಕ್ಕನಿಗೆ ಸಣ್ಣಗೆ ನಗು ಬಂತು. ಕೊನೆ ಚೆನ್ನಾಗಿದೆ ಎಂದಾಗಲೇ ಗೊತ್ತಾಯಿತು, ಪುಸ್ತಕಕ್ಕೆ ಕೊನೆಯೇ ಇಲ್ಲ, ಅರ್ಧಕ್ಕೇ ಎದ್ದು ಹೋದ ಹಾಗಿದೆ ಎಂದು ಓದಿದವರೆಲ್ಲ ದೂರುತ್ತಿದ್ದಾರೆ ಅಂದಳು. ನಗು ಬಂದ ಹಾಗೆಯೇ ಇಳಿದುಹೋಯಿತು. ಗುಬ್ಬಿ ಎಲ್ಲವನ್ನೂ ಹೇಳಿದಳು; ವೈದ್ಯೆ, ಆ ಹೆಸರು, ಬೆರಳು, ಟವೆಲುಗಳ ಅಡಿಯ ಫೋನು, ಇವತ್ತಿನ ಕೋರೆಹಲ್ಲು. ಹೇಳುವಾಗ ಒಂದರಿಂದ ಇನ್ನೊಂದಕ್ಕೆ ಹಾರಿ, ಎಲ್ಲಿ ಬಿಟ್ಟೆನೆಂದು ಮರೆತು, ಮತ್ತೆ ಹುಡುಕಿಕೊಂಡು ಬಂದಳು. ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಬೇರೆಯಾಗುತ್ತಿತ್ತು.

"ವಾರ್ಡಿಗೆ ಇಂಥ ಮಕ್ಕಳು ಎಷ್ಟು ಬರ್ತಿದ್ರು" ಅಂದಳು ಕೊನೆಗೆ. "ಕೈ ಮುರ್ಕೊಂಡು, ತಲೆ ಒಡ್ಕೊಂಡು. ಮಗೂಗೆ ಬೈಬೇಡಿ, ಅದು ಬೇಕಂತ ಮಾಡಲ್ಲ ಅಂತ ಅವರ ಅಮ್ಮಂದಿರಿಗೆ ನಾನೇ ಕೂರಿಸ್ಕೊಂಡು ಹೇಳ್ತಿದ್ದೆ. ಒಂದು ದಿನಾನೂ ನಿನ್ನ ನೆನಪು ಬರಲಿಲ್ಲ ನೋಡು ಗುಬ್ಬಿ. ಮನಸ್ಸು ಮಾಡಲ್ಲ ಅಂತ ಅಂದಿದ್ದೆ ನಿನಗೆ."

ಅದು ಅಕ್ಕನಿಗೆ ನೆನಪಿರಬಹುದೆಂದು ಗುಬ್ಬಿ ಎಣಿಸಿಯೇ ಇರಲಿಲ್ಲ. ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡದ್ದರ ಇನ್ನೊಂದು ತುದಿಯನ್ನು ಇಷ್ಟು ದಿನ ಅಕ್ಕ ಹಿಡಿದಿದ್ದಳು. ಅಕ್ಕನ ಮಂಡಿಯ ಮೇಲೆ ಕೈ ಇಟ್ಟು, ಇಲ್ಲೇನಾ ನೋವು ಎಂದು ಕೇಳಿದಳು. ಅಲ್ಲ, ಸ್ವಲ್ಪ ಕೆಳಗೆ ಅಂದಳು ಅಕ್ಕ. ಗುಬ್ಬಿಯ ಹೆಬ್ಬೆರಳು ಆ ಜಾಗ ಹುಡುಕಿ ಒತ್ತತೊಡಗಿತು. ಹಾಗೆ ಎಷ್ಟೋ ಹೊತ್ತು ಕಳೆದ ಮೇಲೆ ಅಕ್ಕ ಕಪಾಟಿನ ಕಡೆ ನೋಡಿ, ತಾ ಇಲ್ಲಿ, ಮೊದಲಿನ ಹಾಗೆ ನಾನೇ ಓದಿಬಿಡುತ್ತೇನೆ, ಊಟದ ಹೊತ್ತಿಗೆ ಮುಗಿಯುತ್ತೆ ಅಂದಳು. ಆಸೆಯಾಯಿತು ಗುಬ್ಬಿಗೆ. ಕಾಲ ಬಳಿ ಕೂತು, ಕಣ್ಣು ಮುಚ್ಚಿ, ಆ ದನಿಯನ್ನು ಕೇಳುವುದು ಎಷ್ಟು ಸುಲಭ.

"ಬೇಡ ಅಕ್ಕ" ಅಂದಳು. "ನಾನೇ ಓದ್ತೀನಿ. ತಡ ಆಗುತ್ತೆ."

"ಎಷ್ಟು ತಡ?"

"ದಿನಕ್ಕೊಂದು ಪುಟ. ಕೆಲವು ದಿನ ಅದೂ ಇಲ್ಲ."

"ಅಷ್ಟರಲ್ಲಿ ನಾನು ಇನ್ನೊಂದು ಬರೆದುಬಿಟ್ರೆ ಏನು ಮಾಡ್ತೀಯ?" ಎಂದು ಅಕ್ಕ ಕೇಳಿದ್ದಕ್ಕೆ ಇಬ್ಬರೂ ನಕ್ಕರು. ಗಂಡ ಸಕ್ಕರೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ಇಣುಕಿ, ನಗು ಕೇಳಿ ಧೈರ್ಯವಾಗಿ ಒಳಗೆ ಬಂದ.

ಮರುದಿನ ಬೆಳಿಗ್ಗೆ ಗುಬ್ಬಿ ಅಡುಗೆ ಕಟ್ಟೆಗೆ ಒರಗಿ ಬೆರಳಿಟ್ಟು ಓದುತ್ತಿದ್ದಾಗ, ಅಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತದ್ದು ಕಣ್ಣಂಚಿಗೆ ಕಂಡಿತು. ಬೆರಳು ತಾನಾಗಿ ಸಾಲಿನಿಂದ ಕಿತ್ತು ಬಂತು. ತಾನು ಬರೆದದ್ದನ್ನು ತಂಗಿ ಹೀಗೆ ಅಕ್ಷರ ಅಕ್ಷರವಾಗಿ, ಕಲ್ಲು ಆರಿಸುವ ಹಾಗೆ ಓದುವುದನ್ನು ಅಕ್ಕ ನೋಡಿಬಿಟ್ಟಳು. ಗುಬ್ಬಿ ತಲೆ ಎತ್ತುವಷ್ಟರಲ್ಲಿ ಬಾಗಿಲು ಖಾಲಿ ಇತ್ತು. ಅಕ್ಕ ಸದ್ದಿಲ್ಲದೆ ಹಿಂದೆ ಸರಿದು, ಬಾಲ್ಕನಿಗೆ ಹೋಗಿ, ಬೀದಿಯನ್ನು ನೋಡುತ್ತ ನಿಂತಿದ್ದಳು. ಪುಟ ಮುಗಿಯುವವರೆಗೆ ಒಳಗೆ ಬರಲಿಲ್ಲ, ಚಹಾವನ್ನೂ ಕೇಳಲಿಲ್ಲ.

ಅಕ್ಕ ಹೋದ ಮೇಲೆ ಎಲ್ಲವೂ ಸರಾಗವಾಯಿತೆಂದಲ್ಲ. ಒಂದು ವಾರ ಗುಬ್ಬಿ ಜ್ವರದಲ್ಲಿ ಮಲಗಿದಳು, ಎದ್ದ ಮೇಲೆ ಪುಸ್ತಕದ ಹತ್ತಿರ ಹೋಗಲು ಇನ್ನೊಂದು ವಾರ ಬೇಕಾಯಿತು. ಒಂದು ಬೆಳಿಗ್ಗೆ ಪುಟ ಬಿಟ್ಟು ನಲ್ಲಿಯ ವಾಷರ್ ಬದಲಾಯಿಸಲು ಹೋಗಿ ಇಡೀ ಅಡುಗೆಮನೆಯನ್ನು ನೀರು ಮಾಡಿದಳು. ಆದರೆ ತಪ್ಪಿದ ದಿನವನ್ನು ಬೈದುಕೊಳ್ಳುವುದು ಕಡಿಮೆಯಾಗಿತ್ತು, ಬೈದುಕೊಳ್ಳದಿದ್ದರಿಂದ ಮರುದಿನ ಕಟ್ಟೆಯ ಹತ್ತಿರ ಹೋಗಲು ಕಾಲಿಗೆ ಭಾರವಿರಲಿಲ್ಲ. ಕೆಲಸದ ಕಡೆ ಬಂದ ಪ್ರತಿ ಚೀಟಿಯನ್ನೂ ಕೈಗೆ ಕುಂಚ ತೆಗೆದುಕೊಳ್ಳುವ ಮೊದಲು ಬಾಯಿಬಿಟ್ಟು ಓದತೊಡಗಿದಳು. ಮಂತ್ರ ಶುರುವಾಯಿತು ಎಂದು ಆಚೆ ಮೇಜಿನವರು ನಗುತ್ತಿದ್ದರು. ನಗಲಿ. ಹಲ್ಲುಗಳು ವಾಪಸು ಬರುವುದು ನಿಂತಿತ್ತು. ಪೂರ್ತಿ ಅಲ್ಲ, ಹೆಚ್ಚುಕಡಿಮೆ. ಪುಸ್ತಕದಲ್ಲಿ ಬೆಕ್ಕು ಬಂತು. ಗಂಡ ಹೇಳಿದ್ದಕ್ಕಿಂತ ಆ ಬೆಕ್ಕು ಬಹಳ ಬೇರೆ ಇತ್ತು, ಅದಕ್ಕೊಂದು ಕಿವಿ ಹರಿದಿತ್ತು. ಆ ಹರಿದ ಕಿವಿಯ ಮೇಲೆ ಗುಬ್ಬಿ ಒಂದು ಇಡೀ ಬೆಳಗು ಕಳೆದಳು.

ಆಮೇಲೆ ಒಬ್ಬ ಪುಟ್ಟ ಹುಡುಗಿ ಬಂದಳು. ಕಾಲು ಮುರಿದು ಬಂದವಳು. ಒಂದು ಕಾಲಿಗೆ ಪ್ಲಾಸ್ಟರ್ ಹಾಕಿದರು. ಇನ್ನೊಂದು ಕಾಲಿನ ಶೂ ಬಿಚ್ಚಲು ಆ ಹುಡುಗಿ ಮಲಗುವಾಗಲೂ ಬಿಡಲಿಲ್ಲ. ಜೊತೆಯದು ಎಲ್ಲಿ ಎಂದು ಅಳುತ್ತಿದ್ದಾಗ ಅಕ್ಕ ಅದನ್ನು ನರ್ಸುಗಳ ಕಪಾಟಿನಲ್ಲಿಟ್ಟು, ಇದು ಇಲ್ಲಿ ನಿದ್ದೆ ಮಾಡುತ್ತೆ, ಕಾಲು ವಾಸಿಯಾದ ದಿನ ನಾನೇ ಎಬ್ಬಿಸಿ ಹಾಕುತ್ತೇನೆ ಎಂದು ಮಾತು ಕೊಟ್ಟಳು. ಮುಂದಿನ ಪುಟಗಳಲ್ಲಿ ಹುಡುಗಿ ನಗಲು ಕಲಿತಳು, ಗೋಡೆಗೆ ಚಿತ್ರ ಬರೆದಳು, ಒಂದು ಮಧ್ಯಾಹ್ನ ಅಪ್ಪನ ಹೆಗಲೇರಿ ಎಲ್ಲರಿಗೂ ಕೈ ಬೀಸುತ್ತ ಮನೆಗೆ ಹೊರಟುಹೋದಳು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಗುಬ್ಬಿ ಪುಟದ ಕೊನೆಯಲ್ಲಿ ಬೆರಳಿಟ್ಟುಕೊಂಡು ನಿಂತಳು. ಶೂ?

ನಾನೇ ಎಲ್ಲೋ ಸಾಲು ಹಾರಿಸಿರಬೇಕು ಎಂದುಕೊಂಡಳು. ಮರುದಿನ ಹೊಸ ಪುಟ ತೆಗೆಯದೆ ಹಿಂದಕ್ಕೆ ಹೋದಳು. ಸಿಗಲಿಲ್ಲ. ಅದರ ಮರುದಿನ ಇನ್ನೂ ಹಿಂದಿನಿಂದ, ಒಂದೊಂದೇ ಪದ ಬಾಯಲ್ಲಿ ಹೇಳಿಕೊಂಡು ಬಂದಳು. ಇಲ್ಲ. ಗಂಡನನ್ನು ಕೇಳಿದರೆ, ಯಾವ ಶೂ ಎಂದ. ಆ ಹುಡುಗಿ ನೆನಪಿದ್ದಾಳೆ, ಶೂ ನೆನಪಿಲ್ಲ, ಕೊಟ್ಟು ಕಳಿಸಿರುತ್ತಾರೆ ಬಿಡು ಅಂದ. ಆಗ ಗುಬ್ಬಿಗೆ ಎದೆಯೊಳಗೆ ಮೆಲ್ಲಗೆ ಏನೋ ಎದ್ದು ಕೂತಂತಾಯಿತು. ಜೀವಮಾನದಲ್ಲಿ ಮೊದಲ ಸಲ, ಪುಟದಲ್ಲಿ ಏನೋ ಒಂದು ಇಲ್ಲದಿರುವುದು ತಾನು ಬಿಟ್ಟದ್ದರಿಂದಲ್ಲ. ಅದು ಅಲ್ಲಿ ನಿಜವಾಗಿಯೂ ಇರಲಿಲ್ಲ. ಟವೆಲುಗಳ ಅಡಿಯಿಂದ ಫೋನು ತೆಗೆದು ಅಲ್ಲೇ ಕಪಾಟಿನ ಬಾಗಿಲ ನಡುವೆ ನಿಂತು ಅಕ್ಕನಿಗೆ ಮಾಡಿದಳು. ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ.

"ಅಕ್ಕ, ಆ ಹುಡುಗಿಯ ಇನ್ನೊಂದು ಶೂ ಏನಾಯ್ತು?"

ಆ ಕಡೆ ಅಕ್ಕನ ಉಸಿರು ಕೇಳಿಸಿತು.

"ನನ್ನ ಹತ್ರಾನೇ ಇದೆ" ಅಂದಳು ಅಕ್ಕ.

ಆಮೇಲೆ ಹೇಳಿದಳು. ಆವತ್ತು ಹುಡುಗಿ ಹೊರಡುವಾಗ ಕಾಲಿನಲ್ಲಿ ಇನ್ನೂ ಪ್ಲಾಸ್ಟರ್ ಇತ್ತು, ಆ ಕಾಲಿಗೆ ಶೂ ಯಾಕೆ ಬೇಕು, ಹಾಗಾಗಿ ಯಾರಿಗೂ ನೆನಪಾಗಲಿಲ್ಲ. ಪ್ಲಾಸ್ಟರ್ ತೆಗೆಸಲು ಬಂದೇ ಬರುತ್ತಾಳಲ್ಲ ಎಂದು ತನಗೂ ಒಂದು ಸಮಾಧಾನ. ಬರಲಿಲ್ಲ, ಮನೆ ಬದಲಿಸಿದ್ದರು, ಹೊಸ ಮನೆಯ ಹತ್ತಿರವೇ ತೆಗೆಸಿಕೊಂಡರಂತೆ. ವಾರ್ಡಿನ ಕಪಾಟು ಬದಲಾದಾಗಲೆಲ್ಲ ಅದನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿಟ್ಟುಕೊಂಡು ಬಂದು, ನಿವೃತ್ತಳಾದ ದಿನ ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ಆ ಹುಡುಗಿಗೆ ಈಗ ಮಕ್ಕಳಿರಬಹುದು. ಅವಳು ಮರೆತಿರುತ್ತಾಳೆ, ಮರೆತೇ ಇರುತ್ತಾಳೆ. ಆದರೂ ಮಾತು ಕೊಟ್ಟಿದ್ದೆನಲ್ಲ ಅಂದಳು ಅಕ್ಕ.

"ಯಾಕೆ ಬರೀಲಿಲ್ಲ?"

"ನಾಚಿಕೆ ಆಯ್ತು. ಬಿಟ್ಬಿಟ್ಟೆ." ಅಕ್ಕ ಗಂಟಲು ಸರಿಮಾಡಿಕೊಂಡಳು. "ಅಷ್ಟು ನಿಧಾನವಾಗಿ ಯಾರು ಓದ್ತಾರೆ ಅಂದ್ಕೊಂಡೆ."

ಕೆಲಸಕ್ಕೆ ಹೊತ್ತಾಗುತ್ತಿತ್ತು, ಗಂಡ ಬಾಗಿಲಲ್ಲಿ ಬೀಗ ಹಿಡಿದು ನಿಂತು ಸನ್ನೆ ಮಾಡುತ್ತಿದ್ದ. ಗುಬ್ಬಿ ನೋಡಲಿಲ್ಲ. ತಂಗಿ ಸುಮ್ಮನಾದದ್ದು ಕೇಳಿ ಅಕ್ಕನಿಗೆ ಅನುಮಾನ ಬಂತೇನೋ, ಎಲ್ಲರೂ ಗುಬ್ಬಿಯನ್ನು ಕೇಳುವುದನ್ನೇ ಅವಳೂ ಕೇಳಿದಳು: "ಗುಬ್ಬಿ, ಕೇಳಿಸ್ಕೊಳ್ತಿದ್ದೀಯಾ?"

"ಅದರ ಬಣ್ಣ ಹೇಳಲಿಲ್ಲ ನೀನು" ಅಂದಳು ಗುಬ್ಬಿ.

"ಬಣ್ಣಾನಾ? ಕೆಂಪು" ಎಂದ ಅಕ್ಕ ತಡೆದಳು. "ಅಲ್ಲ. ಮಾಸಿ ಈಗ ಹೇಗಾಗಿದೆಯೋ. ಇರು, ತೆಗೆದು ನೋಡಿ ಹೇಳ್ತೀನಿ."

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಅಕ್ಕನ ಹೆಜ್ಜೆ, ನೋವಿನ ಕಾಲಿನದೊಂದು ನಿಧಾನ, ಇನ್ನೊಂದು ಬೇಗ, ದೂರ ಹೋಯಿತು. ಒಂದು ಬಾಗಿಲು ತೆರೆಯಿತು. ಏನೇನನ್ನೋ ಎತ್ತಿ ಬದಿಗಿಡುತ್ತಿದ್ದಳು. ಗುಬ್ಬಿ ಫೋನನ್ನು ಕಿವಿಗೆ ಒತ್ತಿಕೊಂಡು, ಉಸಿರು ಸಣ್ಣ ಮಾಡಿಕೊಂಡು, ಕಾಯುತ್ತ ನಿಂತಳು.